ಸ್ಕಾಪಾ ಫ್ಲೋ: ತಣ್ಣೀರಿನ ಹಡಗುಗಳಿಗೆ ಹನ್ನೆರಡು ಮಂದಿ ಇಳಿಯುವ ಮುನ್ನ

(ಉಪನ್ಯಾಸದ ಬರಹ ರೂಪ)

ಸ್ಕಾಟ್ಲೆಂಡಿನ ಉತ್ತರ ತುದಿಯ ಆಚೆ ಆರ್ಕ್ನಿ ದ್ವೀಪಗಳಿವೆ. ಅವುಗಳ ನಡುವೆ, ಸುತ್ತಲೂ ನೆಲವಿರುವ ದೊಡ್ಡದೊಂದು ಸಹಜ ಬಂದರು ಇದೆ; ಅದೇ ಸ್ಕಾಪಾ ಫ್ಲೋ. ಮೊದಲ ಮಹಾಯುದ್ಧ ನಿಂತ ಮೇಲೆ ಜರ್ಮನಿಯ 74 ಯುದ್ಧನೌಕೆಗಳನ್ನು ತಂದು ಇಲ್ಲಿ ಇರಿಸಿದ್ದರು. 1919ರ ಜೂನ್ 21ರಂದು ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ ಆಜ್ಞೆ ಕೊಟ್ಟ. ಜರ್ಮನ್ ನಾವಿಕರು ತಳದ ಕವಾಟಗಳನ್ನು ತೆರೆದು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಮುಳುಗಿದ್ದು 52. ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿ 1924ರಿಂದ ಎತ್ತಲು ಶುರು ಮಾಡಿದ, ಆಮೇಲೆ ಬೇರೆಯವರು ಮುಂದುವರಿಸಿದರು, ಹೀಗೆ ಬಹುಪಾಲು ಮೇಲೆ ಬಂದವು. ಉಳಿದ ದೊಡ್ಡ ಹಡಗುಗಳು ಏಳು: ಕೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿಂಝ್ ವಿಲ್ಹೆಲ್ಮ್ ಎಂಬ ಮೂರು ಭಾರಿ ಯುದ್ಧನೌಕೆಗಳು, ಕೋಲ್ನ್, ಡ್ರೆಸ್ಡೆನ್, ಬ್ರುಮ್ಮರ್, ಕಾರ್ಲ್ಸ್‌ರೂಅ ಎಂಬ ನಾಲ್ಕು ಕ್ರೂಸರ್‌ಗಳು.

ಈ ಏಳನ್ನು ನೀರಿಗಿಳಿದು ನೋಡಲು ಹನ್ನೆರಡು ಮಂದಿಯ ತಂಡ ಒಂದು ವಾರ ಹೋಗುವುದಾದರೆ ಯೋಜನೆ ಹೇಗಿರಬೇಕು ಎನ್ನುವುದು ಇವತ್ತಿನ ವಿಷಯ. ಮುಖ್ಯ ಮಾತನ್ನು ಮೊದಲೇ ಹೇಳುತ್ತೇವೆ. ಎಷ್ಟು ಹಡಗು ನೋಡಬೇಕು, ಎಷ್ಟು ಆಳಕ್ಕೆ ಹೋಗಬೇಕು ಎಂಬಲ್ಲಿಂದ ಶುರು ಮಾಡಬೇಡಿ. ನಾಲ್ಕನೇ ದಿನದ ಎರಡನೇ ಡೈವ್ ಮುಗಿಸಿ ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲೆಂದು ಆರು ಮೀಟರ್ ಆಳದ ಸ್ಟಾಪಿನಲ್ಲಿ ನಿಂತಿರುವ ಮನುಷ್ಯನಿಂದ ಶುರು ಮಾಡಿ. ಅವನಿಗೆ ದಣಿವಾಗಿರುತ್ತದೆ, ಕೈ ಮರಗಟ್ಟಿರುತ್ತದೆ, ಸೂಟಿನೊಳಗೆ ತೊಡುವ ಬೆಚ್ಚನೆಯ ಒಳಉಡುಪು ಎರಡು ದಿನದಿಂದ ಪೂರ್ತಿ ಒಣಗಿರುವುದಿಲ್ಲ. ಅವನು ಅಲ್ಲಿ ಆರಾಮವಾಗಿ ಹದಿನೈದು ನಿಮಿಷ ನಿಲ್ಲಬಲ್ಲ ಎಂದಾದರೆ ಮಿಕ್ಕದ್ದೆಲ್ಲ ಸರಿಹೋಗುತ್ತದೆ.

ಮೊದಲು ಜಾಗದ ಗುಣ. ಸ್ಕಾಪಾ ಫ್ಲೋದ ಒಳಗೆ, ಜರ್ಮನ್ ಹಡಗುಗಳು ಬಿದ್ದಿರುವ ಕಡೆ, ಸೆಳೆತ ಕಡಿಮೆ. ನೆಲದ ಆಸರೆ ಇರುವುದರಿಂದ ಗಾಳಿಗೆ ಇಡೀ ದಿನ ಹಾಳಾಗುವುದೂ ಅಪರೂಪ. ಆದರೆ ಸೆಳೆತವಿಲ್ಲದ ಕಡೆ ಕೆಸರೂ ಕದಲದೆ ಕೂತಿರುತ್ತದೆ. ಇಳಿಯುವುದು ಇಬ್ಬಿಬ್ಬರ ಜೋಡಿಯಾಗಿ; ಮೊದಲ ಜೋಡಿ ಕಾಲು ಬಡಿದರೆ ಮೂರನೇ ಜೋಡಿಗೆ ಏನೂ ಕಾಣುವುದಿಲ್ಲ. ಕಪ್ಪೆಯಂತೆ ಅಡ್ಡಕ್ಕೆ ಕಾಲು ಹೊಡೆಯುವ ಫ್ರಾಗ್ ಕಿಕ್ ಎಲ್ಲರಿಗೂ ಬರಲೇಬೇಕು ಅನ್ನುವುದು ಅದಕ್ಕೇ. ನೋಟ ಸಾಮಾನ್ಯವಾಗಿ 5ರಿಂದ 15 ಮೀಟರ್.

ಕ್ರೂಸರ್‌ಗಳು ಪಕ್ಕಕ್ಕೆ ಮಲಗಿವೆ. ಕಾರ್ಲ್ಸ್‌ರೂಅ ಎಲ್ಲಕ್ಕಿಂತ ಮೇಲಿದೆ, ತಳ ಸುಮಾರು 26 ಮೀಟರ್. ಕೋಲ್ನ್, ಬ್ರುಮ್ಮರ್ ಎರಡರ ತಳ 36ರ ಆಸುಪಾಸು. ಆದರೆ ಮೇಲಿರುವ ಪಕ್ಕ 20 ಮೀಟರಿನ ಸುತ್ತಮುತ್ತಲೇ ಸಿಗುತ್ತದೆ. ಡ್ರೆಸ್ಡೆನ್ ಇಳಿಜಾರಿನಲ್ಲಿ ಬಿದ್ದಿರುವುದರಿಂದ ಒಂದೇ ಡೈವಿನಲ್ಲಿ ಆಳದ ತುದಿಯಿಂದ ಮೇಲಿನ ತುದಿಗೆ ಬರಬಹುದು. ಇದು ಡೈವ್ ಯೋಜನೆಗೆ ತುಂಬ ಒಳ್ಳೆಯ ಆಕಾರ. ಭಾರಿ ಯುದ್ಧನೌಕೆಗಳು ಮಾತ್ರ ತಲೆಕೆಳಗು. ಗೋಪುರ, ಫಿರಂಗಿ, ಕವಚ ಇವುಗಳ ಭಾರಕ್ಕೆ ಮುಳುಗುವಾಗಲೇ ಮಗುಚಿಕೊಂಡವು. ಮೇಲಿನಿಂದ ಇಳಿಯುವವರಿಗೆ ಮೊದಲು ಸಿಗುವುದು ಹಡಗಿನ ಹೊಟ್ಟೆ, 30.5 ಸೆಂಟಿಮೀಟರ್ ಫಿರಂಗಿಗಳು ಅದರ ಅಡಿಯಲ್ಲಿ, ಕತ್ತಲಲ್ಲಿ. ಕ್ರೋನ್‌ಪ್ರಿಂಝ್ ವಿಲ್ಹೆಲ್ಮ್‌ನ ತಳ 38 ಮೀಟರಿನ ಹತ್ತಿರ, ಮಾರ್ಕ್‌ಗ್ರಾಫ್‌ನದು 45. ಗುಜರಿಗಾಗಿ ಸ್ಫೋಟಿಸಿದ ಕಡೆ ತೂತುಗಳಿವೆ, ಒಳಗೆ ಹೋಗು ಎಂದು ಕರೆದಂತೆ ಕಾಣುತ್ತವೆ. ನೂರು ವರ್ಷ ದಾಟಿದ ತಗಡು ಅದು, ಕುಸಿಯುತ್ತಲೇ ಇದೆ. ಒಳಹೋಗುವ ತರಬೇತಿ, ದಾರಿಯ ಹಗ್ಗ ಹಾಕುವ ಅಭ್ಯಾಸ ಇಬ್ಬರಲ್ಲಿ ಒಬ್ಬರಿಗೆ ಇಲ್ಲದಿದ್ದರೂ ಆ ಜೋಡಿ ಹೊರಗಡೆಯೇ ಇರಬೇಕು. ಇದರಲ್ಲಿ ಚೌಕಾಶಿ ಬೇಡ.

ಯಾವ ತಿಂಗಳು? ಮಾರ್ಚ್‌ನಲ್ಲಿ ನೀರು 6 ಡಿಗ್ರಿಯ ಸುತ್ತ, ಮೇನಲ್ಲಿ 8–9, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ 12–13. ವಸಂತದಲ್ಲಿ ಪ್ಲಾಂಕ್ಟನ್ ಹೆಚ್ಚಿ ಮೇಲಿನ ಹತ್ತು ಮೀಟರ್ ಹಸಿರು ಗಂಜಿಯಾಗುತ್ತದೆ, ಅದರ ಕೆಳಗೆ ಬೆಳಕೇ ಇರುವುದಿಲ್ಲ. ಮೊದಲ ಸಲ ಹೋಗುವ ತಂಡ ಸೆಪ್ಟೆಂಬರ್ ಮೊದಲೆರಡು ವಾರ ಹಿಡಿಯುವುದು ಒಳ್ಳೆಯದು. ಆ ವಾರಗಳು ಎಲ್ಲರಿಗೂ ಬೇಕು, ಬೋಟು ವರ್ಷಕ್ಕೂ ಮೊದಲೇ ಕಾದಿರಿಸಬೇಕಾಗುತ್ತದೆ.

ಇನ್ನು ಜನ. ನೇತ್ರಾಣಿಯಲ್ಲೋ ಅಂಡಮಾನ್‌ನಲ್ಲೋ ಬೆಚ್ಚನೆಯ ನೀರಿನಲ್ಲಿ ಕಲಿತು ಈಗ ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರು ಇದ್ದಾರೆ. ಅವರಲ್ಲಿ ಅನುಭವ ಇದೆ, ಆದರೆ ಡ್ರೈ ಸೂಟ್ (ನೀರು ಒಳಬಿಡದ, ಒಳಗೆ ಗಾಳಿ ತುಂಬುವ ಉಡುಪು) ಅನುಭವ ಇಲ್ಲ. ಡ್ರೈ ಸೂಟ್ ತೊಟ್ಟರೆ ಅದೊಂದು ಎರಡನೇ ಗಾಳಿಚೀಲ. ಕಾಲಿನ ಕಡೆಗೆ ಗಾಳಿ ಹೋದರೆ ತಲೆಕೆಳಗಾಗಿ ಮೇಲಕ್ಕೆ ಹಾರುತ್ತೀರಿ, ಸ್ಟಾಪ್ ತಪ್ಪುತ್ತದೆ. ಸ್ಕಾಪಾಕ್ಕೆ ಬರುವ ಮೊದಲು ಅದೇ ಸೂಟ್, ಅದೇ ಸಿಲಿಂಡರ್, ಅದೇ ಕೈಗವಸು ತೊಟ್ಟು ಕನಿಷ್ಠ ಇಪ್ಪತ್ತು ಡೈವ್, ಅದರಲ್ಲಿ ಐದಾರು 30 ಮೀಟರ್ ದಾಟಿದ್ದು ಇರಬೇಕು ಎಂದು ನಾವು ಕೇಳುತ್ತೇವೆ. ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್‌ನಂಥ ಹಳೆಯ ಕಲ್ಲುಗಣಿಗಳು ಇದಕ್ಕೆ ಸಾಕು. ಒಂದು ಎಚ್ಚರ: ಗಣಿಯದು ಸಿಹಿನೀರು. ಸಮುದ್ರದ ನೀರಿನ ಸಾಂದ್ರತೆ ಸುಮಾರು ಶೇ. 2.5 ಹೆಚ್ಚು. ಸಾಮಾನೆಲ್ಲ ಸೇರಿ 120 ಕಿಲೋ ತೂಗುವವರಿಗೆ ಸ್ಕಾಪಾದಲ್ಲಿ ಮುಳುಗಲು ಇನ್ನೂ 3 ಕಿಲೋ ಸೀಸದ ತೂಕ ಬೇಕು. ಸೀಸ ಸರಿಯಿದೆಯೇ ಎಂದು ನೋಡುವುದು ಡೈವಿನ ಕೊನೆಯಲ್ಲಿ: ಸಿಲಿಂಡರ್‌ನಲ್ಲಿ 50 ಬಾರ್ ಉಳಿದಿರುವಾಗ, ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಖಾಲಿ ಮಾಡಿ, ಸೂಟಿನಲ್ಲಿ ಮೈ ಬೆಚ್ಚಗಿರುವಷ್ಟು ಗಾಳಿ ಉಳಿಸಿಕೊಂಡು, 3 ಮೀಟರಿನಲ್ಲಿ ಅಲುಗದೆ ನಿಲ್ಲಬೇಕು. ಸೂಟನ್ನು ಹಿಂಡಿ ಹಿಂಡಿ ನಿಲ್ಲಬೇಕಾದರೆ ಸೀಸ ಸಾಲದು. ಅಂಥವರಿಗೆ ಸ್ಟಾಪಿನಲ್ಲೇ ಚಳಿ ಹಿಡಿಯುತ್ತದೆ.

ಸೂಟಿನಲ್ಲಿ ಕೈಕೊಡುವುದು ಮೂರೇ ಜಾಗ: ಮಣಿಕಟ್ಟಿನ ಸೀಲ್, ಕುತ್ತಿಗೆಯ ಸೀಲ್, ಜಿಪ್. ಅಂಟಿಸಿದ ಲೇಟೆಕ್ಸ್ ಸೀಲ್ ಹರಿದರೆ ಹೊಸದನ್ನು ಅಂಟಿಸಿ ರಾತ್ರಿಯಿಡೀ ಒಣಗಿಸಬೇಕು, ಅಂದರೆ ಒಂದು ದಿನ ಹೋಯಿತು. ಉಂಗುರದ ಮೇಲೆ ಕೂರಿಸುವ ಸಿಲಿಕೋನ್ ಸೀಲ್ ಆದರೆ ಬೋಟಿನಲ್ಲೇ ಹತ್ತು ನಿಮಿಷದ ಕೆಲಸ. ಹಾಗಾಗಿ ಹೊರಡುವ ಮೊದಲೇ ಉಂಗುರ ಹಾಕಿಸಿಕೊಳ್ಳಿ, ಜತೆಗೆ ಎರಡು ಜೊತೆ ಸೀಲ್ ಇಟ್ಟುಕೊಳ್ಳಿ. ಹಿತ್ತಾಳೆ ಜಿಪ್ಪಿಗೆ ಮೇಣ ಹಲ್ಲುಗಳ ಹೊರಬದಿಗೆ ಮಾತ್ರ. ಒಳಉಡುಪು ಎರಡು ಜೊತೆ ಬೇಕೇ ಬೇಕು; ಬೆವರಿನ ತೇವ ಸಾಕು, ಮಧ್ಯಾಹ್ನದ ಡೈವ್ ಬೆಳಗಿನದಕ್ಕಿಂತ ಚಳಿಯಾಗಲು. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು. ಮತ್ತೆ, ಮೂತ್ರಕ್ಕೆ ಹೆದರಿ ನೀರು ಕುಡಿಯದೆ ಇರುವ ಚಾಳಿ ಬಿಡಿಸಬೇಕು. ಚಳಿಯಲ್ಲಿ ಮೂತ್ರ ಹೆಚ್ಚುತ್ತದೆ, ಮೈ ಒಣಗುತ್ತದೆ, ಡಿಕಂಪ್ರೆಷನ್ ಕಾಯಿಲೆಯ (ಏರುವಾಗ ನೈಟ್ರೋಜನ್ ಮೈಯಲ್ಲಿ ಗುಳ್ಳೆಗಟ್ಟುವುದು) ಅಪಾಯಕ್ಕೆ ಅದೂ ಸೇರುತ್ತದೆ. ಸೂಟಿಗೆ ಪೀ ವಾಲ್ವ್ (ಮೂತ್ರ ಹೊರಬಿಡುವ ಕವಾಟ) ಹಾಕಿಸುವುದು ಶೋಕಿಯಲ್ಲ.

ರೆಗ್ಯುಲೇಟರ್ ಬಗ್ಗೆ. ಸಿಲಿಂಡರಿನ ಒತ್ತಡವನ್ನು ಎರಡು ಹಂತದಲ್ಲಿ ಇಳಿಸಿ ಉಸಿರಿಗೆ ಗಾಳಿ ಕೊಡುವ ಸಾಧನ ಅದು: ಮೊದಲ ಹಂತ ಸಿಲಿಂಡರಿನ ಮೇಲೆ, ಎರಡನೆಯದು ಬಾಯಲ್ಲಿ. 232 ಬಾರ್ ಒತ್ತಡದ ಗಾಳಿ ಒಂದೇ ಏಟಿಗೆ ಹತ್ತು ಬಾರ್‌ನ ಹತ್ತಿರಕ್ಕೆ ಹಿಗ್ಗಿದಾಗ ಗಡಗಡ ತಣ್ಣಗಾಗುತ್ತದೆ. ಸುತ್ತ ನೀರೂ 8 ಡಿಗ್ರಿ ಇದ್ದರೆ ಮೊದಲ ಹಂತದ ಒಳಗೆ, ಬಾಯಿಯ ಉಸಿರಿನ ತೇವದಿಂದ ಎರಡನೇ ಹಂತದಲ್ಲೂ, ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ಉಳಿಯುತ್ತದೆ. ಗಾಳಿ ಬುಸಬುಸ ಹರಿದುಹೋಗುತ್ತದೆ. ಯುರೋಪಿನ ಇಎನ್ 250 ಮಾನದಂಡದಲ್ಲಿ ತಣ್ಣೀರೆಂದರೆ 10 ಡಿಗ್ರಿಗಿಂತ ಕೆಳಗೆ. ‘10 ಡಿಗ್ರಿಗಿಂತ ಮೇಲೆ’ ಎಂಬ ಗುರುತಿರುವ ರೆಗ್ಯುಲೇಟರ್ ವಸಂತದ ಸ್ಕಾಪಾಕ್ಕೆ ಬೇಡ. ತಣ್ಣೀರಿಗೆ ಒಪ್ಪಿಗೆಯಾದದ್ದೂ ತಪ್ಪು ಬಳಕೆಗೆ ಹೆಪ್ಪುಗಟ್ಟುತ್ತದೆ: ಡೆಕ್ಕಿನ ಮೇಲಿನ ಚಳಿಗಾಳಿಯಲ್ಲಿ ಸುಮ್ಮನೆ ಉಸಿರೆಳೆದು ನೋಡುವುದು, ಗಾಳಿಯನ್ನು ನೇರ ಹೊರಬಿಡುವ ಪರ್ಜ್ ಗುಂಡಿ ಒತ್ತುವುದು, ಆಳದಲ್ಲಿ ಸೂಟಿಗೂ ಬಿಸಿಡಿಗೂ ಒಟ್ಟಿಗೆ ಉದ್ದಕ್ಕೆ ಗಾಳಿ ಬಿಡುವುದು. ಚಿಕ್ಕ ಚಿಕ್ಕದಾಗಿ, ಒಂದಾದ ಮೇಲೊಂದು ಬಿಡಿ. ಎರಡು ಸಿಲಿಂಡರ್, ಎರಡು ವಾಲ್ವ್, ಎರಡು ಮೊದಲ ಹಂತ ಇದ್ದವರು ಹರಿಯುವ ಕಡೆಯ ವಾಲ್ವ್ ಮುಚ್ಚಿ ಇನ್ನೊಂದರಲ್ಲಿ ಉಸಿರಾಡುತ್ತಾರೆ. ಆದರೆ ದಪ್ಪ ಒಳಉಡುಪಿನಲ್ಲಿ ಬೆನ್ನ ಹಿಂದಿನ ವಾಲ್ವಿಗೆ ಕೈ ಎಟುಕಬೇಕು. ಎಟುಕುತ್ತದೆಯೇ ಎಂದು ಗಣಿಯಲ್ಲೇ ನೋಡಿಕೊಂಡು ಬರಬೇಕು.

ಈಗ ಲೆಕ್ಕ. ಇದನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಸ್ಕಾಪಾಕ್ಕೆ ಒಂದೇ ಸಿಲಿಂಡರ್ ತರಬಹುದೇ ಎಂಬ ಪ್ರಶ್ನೆ ಪ್ರತಿ ತಂಡದಲ್ಲೂ ಬರುತ್ತದೆ. ಆಳ 36 ಮೀಟರ್, ಒತ್ತಡ 4.6 ಬಾರ್. ಒಬ್ಬರ ಗಾಳಿ ಮುಗಿದು ಇಬ್ಬರೂ ಒಂದೇ ಸಿಲಿಂಡರಿನಿಂದ ಮೇಲೆ ಬರಬೇಕು. ಗಾಬರಿಯಲ್ಲಿ ತಲಾ ನಿಮಿಷಕ್ಕೆ 30 ಲೀಟರ್, ಇಬ್ಬರಿಗೆ 60. ತಳದಲ್ಲಿ ಸುಧಾರಿಸಿಕೊಳ್ಳಲು 2 ನಿಮಿಷ: 60 × 4.6 × 2 = 552 ಲೀಟರ್. 6 ಮೀಟರ್‌ವರೆಗೆ ಏರಲು 4 ನಿಮಿಷ, ಸರಾಸರಿ ಒತ್ತಡ 3.1: 744. 6 ಮೀಟರಿನಲ್ಲಿ 5 ನಿಮಿಷ: 480. ಅಲ್ಲಿಂದ ಮೇಲಕ್ಕೆ 1 ನಿಮಿಷ: 78. ಒಟ್ಟು 1,854 ಲೀಟರ್. ಹನ್ನೆರಡು ಲೀಟರಿನ ಜೋಡಿ ಸಿಲಿಂಡರಿನಲ್ಲಿ ಇದು ಸುಮಾರು 80 ಬಾರ್, ಹದಿನೈದು ಲೀಟರಿನ ಒಂಟಿಯಲ್ಲಿ 125 ಬಾರ್.

ಇಷ್ಟು, ಡೆಕೊ (ಏರುವಾಗ ನಿಲ್ಲಲೇಬೇಕಾದ ಸ್ಟಾಪ್) ಇಲ್ಲದ ಡೈವಿಗೆ. 36 ಮೀಟರಿನಲ್ಲಿ 25 ನಿಮಿಷ ಉಳಿದರೆ ಡೆಕೊ ಬಂದೇ ಬರುತ್ತದೆ. ಅದಕ್ಕೆಂದು 6 ಮೀಟರಿನಲ್ಲಿ ಇನ್ನೂ 10 ನಿಮಿಷ ಸೇರಿಸಿ ನೋಡಿ: ಇಬ್ಬರಿಗೆ 960 ಲೀಟರ್ ಹೆಚ್ಚು. ಜೋಡಿ ಸಿಲಿಂಡರಿನಲ್ಲಿ ಮುಟ್ಟಬಾರದ ಗಾಳಿ ಈಗ 120 ಬಾರ್, ಒಂಟಿಯಲ್ಲಿ 190. ಒಂಟಿಯಲ್ಲಿ ಖರ್ಚಿಗೆ ಉಳಿಯುವುದು 42 ಬಾರ್, ಅಂದರೆ 630 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 36 ಮೀಟರಿನಲ್ಲಿ 92 ಲೀಟರ್ ಬೇಕು. ಏಳು ನಿಮಿಷಕ್ಕೆ ಮುಗಿಯಿತು. ಜೋಡಿಯಲ್ಲಿ 112 ಬಾರ್, 2,688 ಲೀಟರ್, ಸುಮಾರು 29 ನಿಮಿಷ. ಚಳಿಗೆ ಉಸಿರು 25 ಲೀಟರಿಗೆ ಏರಿತೆನ್ನಿ, ಆ 29 ನಿಮಿಷ 23 ಆಗುತ್ತದೆ. ಅಂದರೆ 25 ನಿಮಿಷದ ಯೋಜನೆ ಜೋಡಿ ಸಿಲಿಂಡರಿಗೂ ಬಿಗಿ. ಒಂಟಿ ಸಿಲಿಂಡರ್ ತಂದವರು ಕಾರ್ಲ್ಸ್‌ರೂಅ, ಕ್ರೂಸರ್‌ಗಳ ಮೇಲ್ಭಾಗ ಇಷ್ಟನ್ನೇ ಡೆಕೊ ಇಲ್ಲದೆ ನೋಡಬಹುದು. ಅವರನ್ನು ಜೋಡಿ ಸಿಲಿಂಡರಿನವರ ಜತೆಗಾರರನ್ನಾಗಿ ಮಾಡಬೇಡಿ. ಇಬ್ಬರ ಡೈವೂ ಕೆಡುತ್ತದೆ.

ಮಿಶ್ರಣದ ವಿಷಯಕ್ಕೆ ಬಂದರೆ, ಆಕ್ಸಿಜನ್‌ನ ಆಂಶಿಕ ಒತ್ತಡ 1.4 ಬಾರ್ ಮಿತಿ ಇಟ್ಟರೆ ಶೇ. 32ರ ನೈಟ್ರಾಕ್ಸ್ (ಆಕ್ಸಿಜನ್ ಪಾಲು ಹೆಚ್ಚಿಸಿದ ಗಾಳಿ) 33 ಮೀಟರ್‌ವರೆಗೆ, ಶೇ. 28 ಸರಿಯಾಗಿ 40 ಮೀಟರ್‌ವರೆಗೆ. ಇಡೀ ತಂಡಕ್ಕೆ ಶೇ. 28 ಎಂದು ನಿಗದಿ ಮಾಡಿದರೆ ಬೋಟಿನ ತುಂಬುವ ಕೆಲಸವೂ ಸುಲಭ, ಗೊಂದಲವೂ ಇಲ್ಲ. ಬೋಟಿನ ನಾಯಕನಾದ ಸ್ಕಿಪ್ಪರ್ ತುಂಬಿಸಿದರೂ ಅಳೆಯುವುದು ಬಳಸುವವರೇ: ಅಳೆದು, ಶೇಕಡಾ, ಗರಿಷ್ಠ ಆಳ, ದಿನಾಂಕ ಬರೆದು ಅಂಟಿಸಬೇಕು. ಮಾರ್ಕ್‌ಗ್ರಾಫ್‌ನ 45 ಮೀಟರ್ ತಳಕ್ಕೆ ಬರೀ ಗಾಳಿಯಲ್ಲಿ ಹೋಗುವುದನ್ನು ನಾವು ಒಪ್ಪುವುದಿಲ್ಲ. ಅಲ್ಲಿ ಉಸಿರಿನ ಗಾಳಿಯ ಸಾಂದ್ರತೆ ಲೀಟರಿಗೆ 6.5 ಗ್ರಾಂ ದಾಟುತ್ತದೆ, 6.2ರ ಮೇಲೆ ಹೋಗಬಾರದು ಎಂಬುದು ಈಗಿನ ಶಿಫಾರಸು. ದಟ್ಟ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿಯುತ್ತದೆ, ಆಳದಲ್ಲಿ ನೈಟ್ರೋಜನ್‌ನಿಂದ ಬರುವ ಅಮಲು ಹೆಚ್ಚುತ್ತದೆ. ಹೀಲಿಯಂ ಸೇರಿಸಿದ ಟ್ರೈಮಿಕ್ಸ್ ತರಬೇತಿ ಇದ್ದವರಿಗೆ ಮಾತ್ರ ಆ ತಳ. ಆ ಮಿಶ್ರಣವನ್ನು ಸೂಟಿಗೆ ಬಿಡಬೇಡಿ, ಹೀಲಿಯಂ ಮೈಬಿಸಿಯನ್ನು ಬೇಗ ಎಳೆಯುತ್ತದೆ. ಸೂಟಿಗೆ ಬೇರೆ ಪುಟ್ಟ ಬಾಟಲಿ.

ಚಳಿಗೂ ಡೆಕೊಗೂ ಇರುವ ಸಂಬಂಧ ಹೆಚ್ಚು ಜನರಿಗೆ ಉಲ್ಟಾ ಗೊತ್ತಿದೆ. ತಳದಲ್ಲಿ ಮೈ ಬೆಚ್ಚಗಿದ್ದರೆ ರಕ್ತ ಚೆನ್ನಾಗಿ ಓಡಿ ನೈಟ್ರೋಜನ್ ಹೆಚ್ಚು ಒಳಹೋಗುತ್ತದೆ. ಸ್ಟಾಪಿನಲ್ಲಿ ಚಳಿಯಾದರೆ ಕೈಕಾಲಿನ ರಕ್ತನಾಳ ಕುಗ್ಗಿ ಅದು ಹೊರಬರುವುದು ನಿಧಾನವಾಗುತ್ತದೆ. ಸ್ಟಾಪಿನ ಲೆಕ್ಕ ಹಾಕುವ ಡೈವ್ ಕಂಪ್ಯೂಟರಿಗೆ ಇದು ಗೊತ್ತಿಲ್ಲ, ಅದು ಎಂದಿನ ಲೆಕ್ಕವನ್ನೇ ತೋರಿಸುತ್ತದೆ. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು: ತಳದಲ್ಲಿ ತಂಪು, ಏರುವಾಗ ಬೆಚ್ಚಗೆ ಇದ್ದವರಿಗೆ ಅಪಾಯ ಕಡಿಮೆ, ತಳದಲ್ಲಿ ಬೆಚ್ಚಗೆ, ಏರುವಾಗ ತಂಪು ಇದ್ದವರಿಗೆ ತುಂಬ ಹೆಚ್ಚು. ಬ್ಯಾಟರಿಯ ಬಿಸಿ ವೆಸ್ಟ್ ಇರುವವರು ಇಳಿಯುವಾಗಲೇ ಅದನ್ನು ಜೋರಾಗಿ ಹಾಕಿಕೊಂಡು, ಸ್ಟಾಪಿಗೆ ಬರುವಷ್ಟರಲ್ಲಿ ಬ್ಯಾಟರಿ ಖಾಲಿ ಮಾಡಿಕೊಂಡರೆ ಎರಡನೆಯ ಗುಂಪಿಗೇ ಸೇರಿದ ಹಾಗೆ. ತಳದಲ್ಲಿ ಆರಿಸಿಡಿ ಅಥವಾ ಕಡಿಮೆಯಲ್ಲಿಡಿ, ಏರಲು ಶುರು ಮಾಡಿದಾಗ ಹೆಚ್ಚಿಸಿ. ವೆಸ್ಟ್ ಇಲ್ಲದೆಯೂ ಮುಗಿಸಬಹುದಾದ ಡೈವನ್ನೇ ಯೋಜಿಸಿ. ಸ್ಟಾಪಿನಲ್ಲಿ ನಡುಕ ಬಂದರೆ ಇನ್ನು ಮೇಲೆ ಬರಬಹುದೆಂದು ಕಂಪ್ಯೂಟರ್ ತೋರಿಸಿದ ಮೇಲೂ, ಗಾಳಿ ಇದ್ದರೆ, ಐದು ನಿಮಿಷ ಹೆಚ್ಚು ನಿಲ್ಲುವುದೋ ಬೇಗ ಹೊರಬರುವುದೋ ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ. ಆ ಗೊಂದಲವೇ ಬರದಂತೆ ತಳದ ಸಮಯವನ್ನು ಐದು ನಿಮಿಷ ಮೊದಲೇ ಕಡಿತ ಮಾಡಿಕೊಳ್ಳಿ.

ಹನ್ನೆರಡು ಮಂದಿ ಅಂದರೆ ಆರು ಜೋಡಿ. ಸ್ಕಾಪಾದ ಹಡಗುಗಳ ಮೇಲೆ ತೇಲುವ ಬೋಯ್ ಕಟ್ಟಿದ ಶಾಟ್‌ಲೈನ್ ಎಂಬ ಹಗ್ಗ ಇರುತ್ತದೆ, ಅದನ್ನು ಹಿಡಿದು ಇಳಿಯುವುದು. ಉದ್ದದ ಡೈವ್ ಇರುವವರು ಮೊದಲು ಇಳಿಯಲಿ, ಚಿಕ್ಕದಿರುವವರು ಕೊನೆಗೆ. ಆಗ ಎಲ್ಲರೂ ಸುಮಾರು ಒಂದೇ ಹೊತ್ತಿಗೆ ಮೇಲೆ ಬರುತ್ತಾರೆ. ಜೋಡಿಯ ಇಬ್ಬರ ಕಂಪ್ಯೂಟರಿನಲ್ಲೂ ಒಂದೇ ಗ್ರೇಡಿಯಂಟ್ ಫ್ಯಾಕ್ಟರ್ (ಸ್ಟಾಪ್ ಎಷ್ಟು ಉದ್ದ ಎಂದು ನಿರ್ಧರಿಸುವ ಸೆಟ್ಟಿಂಗ್) ಇರಬೇಕು, ಇಲ್ಲವಾದರೆ ಒಬ್ಬರು ಮುಗಿಸಿ ಇನ್ನೊಬ್ಬರಿಗೆ ಚಳಿಯಲ್ಲಿ ಕಾಯುತ್ತಾರೆ. ಒಟ್ಟು ಸಮಯಕ್ಕೆ ಒಂದು ಮಿತಿ, ಉದಾಹರಣೆಗೆ 60 ನಿಮಿಷ, ಮೊದಲೇ ಹೇಳಿಡಿ; ಅದು ದಾಟಿದರೆ ಸ್ಕಿಪ್ಪರ್ ಯಾವಾಗ ಆತಂಕಪಡಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಹಡಗು ಬಿಟ್ಟು ಏರುವವರು ತಾವಿರುವ ಜಾಗವನ್ನು ನೀರಿನ ಮೇಲೆ ತೋರಿಸುವ ಸರ್ಫೇಸ್ ಮಾರ್ಕರ್ ಬೋಯ್ ತಲಾ ಒಂದು ತರಬೇಕು, ರೀಲಿನಲ್ಲಿ 50 ಮೀಟರ್ ದಾರ. ಜೋಡಿಗೊಂದು ಅಲ್ಲ, ತಲಾ ಒಂದು: ಬೇರ್ಪಟ್ಟಾಗಲೇ ಅದು ಬೇಕಾಗುವುದು. ಕೆಂಪು ಅಥವಾ ಕಿತ್ತಳೆ ಎಂದರೆ ಸರಿಯಿದ್ದೇನೆ, ಹಳದಿ ಎಂದರೆ ಸಹಾಯ ಬೇಕು ಎಂದು ಸ್ಕಿಪ್ಪರ್ ಜತೆ ಮೊದಲ ದಿನವೇ ಮಾತಾಗಿರಲಿ. ಮೇಲೆ ಬಂದವರ ಎಣಿಕೆ ಹೆಸರು ಕರೆದು, ಮುಖ ನೋಡಿ. ಕೆಳಗಿನ ಕ್ಯಾಬಿನ್‌ನಲ್ಲಿರಬೇಕು ಎಂಬ ಊಹೆ ಎಣಿಕೆಯಲ್ಲ.

ವಾರದ ಹಂಚಿಕೆ ಹೀಗಿದ್ದರೆ ಒಳ್ಳೆಯದು. ಮೊದಲ ದಿನ ಕಾರ್ಲ್ಸ್‌ರೂಅ, ಸೀಸ ಸರಿಪಡಿಸಿಕೊಳ್ಳಲು. ಎರಡನೇ ದಿನ ಡ್ರೆಸ್ಡೆನ್, ಕೋಲ್ನ್. ಮೂರನೇ ದಿನ ಬೆಳಿಗ್ಗೆ ಕ್ರೋನ್‌ಪ್ರಿಂಝ್ ವಿಲ್ಹೆಲ್ಮ್, ಮಧ್ಯಾಹ್ನ ಮೇಲ್ಮಟ್ಟದ್ದೊಂದು. ನಾಲ್ಕನೇ ದಿನ ಬೇಕೆಂದೇ ಹಗುರ: ಬರ್ರಾ ಸೌಂಡ್‌ನಲ್ಲಿ ದಾರಿ ಮುಚ್ಚಲು ಮುಳುಗಿಸಿದ ತಬಾರ್ಕ, ಡಾಯ್ಲ್‌ನಂಥ ಹಡಗುಗಳಿವೆ, 20 ಮೀಟರಿನೊಳಗೆ, ತಿಳಿಯಾದ ನೀರು. ಅಲ್ಲಿ ಮಾತ್ರ ಸೆಳೆತ ಬಲು ಜೋರು. ಉಬ್ಬರವಿಳಿತ ನಿಲ್ಲುವ ಅಲ್ಪ ಹೊತ್ತಿನಲ್ಲೇ ಎಲ್ಲರೂ ಒಟ್ಟಿಗೆ ಇಳಿಯಬೇಕು, ಸಾಮಾನು ಹಾಕಿಕೊಂಡು ಸಿದ್ಧರಿರಬೇಕು. ಐದನೇ ದಿನ ಬ್ರುಮ್ಮರ್ ಅಥವಾ ಮಾರ್ಕ್‌ಗ್ರಾಫ್‌ನ ಮೇಲ್ಭಾಗ. ಯಾರಾದರೂ ಒಂದು ಡೈವ್ ಬಿಡುತ್ತೇನೆ ಎಂದರೆ ಕಾರಣ ಕೇಳಬಾರದು ಎಂಬ ನಿಯಮವನ್ನು ಮೊದಲ ಸಂಜೆಯೇ ಎಲ್ಲರೆದುರು ಹೇಳಿ.

ಅಪಾಯಗಳಲ್ಲಿ ಒಂದನ್ನು ಒತ್ತಿ ಹೇಳಬೇಕು: ಶ್ವಾಸಕೋಶದಲ್ಲಿ ಮೈಯೊಳಗಿನದೇ ದ್ರವ ತುಂಬುವುದು. ತಣ್ಣೀರಿನಲ್ಲಿ, ಬಿಗಿ ಸೂಟಿನಲ್ಲಿ, ಐವತ್ತು ದಾಟಿದವರಿಗೆ, ರಕ್ತದೊತ್ತಡ ಇರುವವರಿಗೆ ಹೆಚ್ಚು. ಕೆಮ್ಮು, ಏದುಸಿರು, ಕೆಲವೊಮ್ಮೆ ನಸುಗೆಂಪು ನೊರೆ. ಗಾಳಿ ಸಾಲದೆ ಹಾಗಾಗುತ್ತಿದೆ ಎಂದು ರೆಗ್ಯುಲೇಟರನ್ನು ದೂರುತ್ತಾರೆ, ಅದು ಸರಿಯಾಗೇ ಇರುತ್ತದೆ. ತಕ್ಷಣ ನೀರಿನಿಂದ ಹೊರತಂದು, ಮಲಗಿಸದೆ ಕೂರಿಸಿ, ಆಕ್ಸಿಜನ್ ಕೊಡಿ. ಆಕ್ಸಿಜನ್ ಎಷ್ಟಿದೆ ಎಂದು ಹೊರಡುವ ಮೊದಲೇ ಲೆಕ್ಕ ಹಾಕಿ: 10 ಲೀಟರ್ ಸಿಲಿಂಡರ್, 200 ಬಾರ್, ನಿಮಿಷಕ್ಕೆ 15 ಲೀಟರ್ ಹರಿದರೆ ಎರಡು ಗಂಟೆ ಹದಿಮೂರು ನಿಮಿಷ. ಜೋಡಿಯಲ್ಲಿ ಇಬ್ಬರೂ ಸ್ಟಾಪ್ ತಪ್ಪಿಸಿ ಬಂದಿದ್ದರೆ ಅದರ ಅರ್ಧ. ಕೋಸ್ಟ್‌ಗಾರ್ಡನ್ನು ವಿಎಚ್‌ಎಫ್ ರೇಡಿಯೋದ 16ನೇ ಚಾನಲ್‌ನಲ್ಲಿ ಕರೆಯುವುದು ಸ್ಕಿಪ್ಪರ್ ಅಲ್ಲದೆ ಇನ್ನಿಬ್ಬರಿಗೂ ಬರಬೇಕು.

ಕಾನೂನು ಚಿಕ್ಕದು, ಸ್ಪಷ್ಟ. ಏಳು ಜರ್ಮನ್ ಹಡಗುಗಳು ಸಂರಕ್ಷಿತ ಸ್ಮಾರಕಗಳು. ನೋಡಬಹುದು, ಒಂದು ಮೊಳೆಯನ್ನೂ ತರುವಂತಿಲ್ಲ. 1939ರ ಅಕ್ಟೋಬರ್ 14ರಂದು ಯು-47 ಜಲಾಂತರ್ಗಾಮಿ ಮುಳುಗಿಸಿದ ರಾಯಲ್ ಓಕ್, 1917ರಲ್ಲಿ ಸಿಡಿದ ವ್ಯಾನ್‌ಗಾರ್ಡ್ ಎಂಬ ಬ್ರಿಟಿಷ್ ಯುದ್ಧನೌಕೆಗಳೆರಡೂ ಇದೇ ನೀರಿನಲ್ಲಿವೆ. ಒಂದೊಂದರಲ್ಲೂ ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಅವು ಸಮಾಧಿಗಳು, ಅಲ್ಲಿ ಡೈವಿಂಗ್ ನಿಷಿದ್ಧ.

ಹೋಗುವ ದಾರಿ ಸ್ಕಾಟ್ಲೆಂಡಿನ ಉತ್ತರ ತೀರದ ಸ್ಕ್ರಾಬ್‌ಸ್ಟರ್‌ನಿಂದ ಆರ್ಕ್ನಿಯ ಸ್ಟ್ರಾಮ್‌ನೆಸ್‌ಗೆ ದೋಣಿ, ಒಂದೂವರೆ ಗಂಟೆ. ಪೆಂಟ್‌ಲ್ಯಾಂಡ್ ಕಡಲ್ಗಾಲುವೆ ಒರಟು, ದೋಣಿ ರದ್ದಾಗುವುದುಂಟು. ಒಂದು ದಿನ ಮೊದಲೇ ತಲುಪುವಂತೆ ಹೊರಡಿ. ತುಂಬಿದ ಸಿಲಿಂಡರ್ ಇದ್ದರೆ ದೋಣಿಯವರಿಗೆ ಮುಂಚೆ ತಿಳಿಸಬೇಕು. ಸಿಲಿಂಡರಿನ ಪರೀಕ್ಷೆಯ ಮುದ್ರೆ ನೋಡಿಕೊಳ್ಳಿ: ಬ್ರಿಟನ್‌ನಲ್ಲಿ ಎರಡೂವರೆ ವರ್ಷಕ್ಕೆ ಒಳಭಾಗವನ್ನು ಕಣ್ಣಾರೆ ನೋಡುವ ಪರೀಕ್ಷೆ, ಐದು ವರ್ಷಕ್ಕೆ ಒತ್ತಡ ಪರೀಕ್ಷೆ, ಅವಧಿ ಮೀರಿದ್ದನ್ನು ಬೋಟಿನಲ್ಲಿ ತುಂಬುವುದಿಲ್ಲ. ವಿಮಾನದಲ್ಲಿ ಬರುವವರು ಲೀಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ತರಬೇಕು. 100 ವಾಟ್‌ ಅವರ್‌ವರೆಗೆ ತೊಂದರೆಯಿಲ್ಲ, 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದರ ಮೇಲಿನ ಬಿಸಿ ವೆಸ್ಟ್ ಬ್ಯಾಟರಿ ಬರುವುದೇ ಇಲ್ಲ. ಹಿಂದಿರುಗುವಾಗ ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ 24 ಗಂಟೆ ಬಿಡಿ. ಶನಿವಾರ ಮಧ್ಯಾಹ್ನ ಆರ್ಕ್ನಿಯ ಕರ್ಕ್‌ವಾಲ್‌ನಿಂದ ಹಾರುವವರ ಕೊನೆಯ ಡೈವ್ ಶುಕ್ರವಾರ ಬೆಳಿಗ್ಗೆಯೇ ಮುಗಿಯಬೇಕು, ಮಧ್ಯಾಹ್ನದ್ದಕ್ಕೆ ಅವರ ಹೆಸರು ಪಟ್ಟಿಯಲ್ಲೇ ಇರಬಾರದು.